ಅಪ್‌ಡೇಟ್ ಆದ ಮೇಲೆ ಆ್ಯಪ್‌ಗಳು ಮತ್ತೆ ಮತ್ತೆ ಲೋಡ್ ಆಗುತ್ತಿದ್ದರೆ, ಅಳಿಸುವ ಮೊದಲು ಲಾಗ್ ಓದಿ

ಒಂಬತ್ತನೆಯ ತಲೆಮಾರಿನ ಐಪ್ಯಾಡ್‌ಗೆ ಐಪ್ಯಾಡ್‌ಓಎಸ್ 26 ಹಾಕಿಕೊಂಡ ಮೇಲೆ ಸ್ಕ್ಯಾನ್ ಮಾಡಿದ ಪುಸ್ತಕದಿಂದ ಟಿಪ್ಪಣಿ ಆ್ಯಪ್‌ಗೆ ಹೋಗಿ ಬರುವಷ್ಟರಲ್ಲಿ ಪುಸ್ತಕ ಮೊದಲ ಪುಟಕ್ಕೆ ಮರಳಿರುತ್ತದೆ, ಸಫಾರಿಯ ಟ್ಯಾಬ್‌ಗಳೆಲ್ಲ ಹೊಸದಾಗಿ ಲೋಡ್ ಆಗುತ್ತವೆ ಎಂದು ಈ ಗುಂಪಿನಲ್ಲಿ ಬರೆದಿದ್ದೀರಿ. ಅದಕ್ಕಾಗಿ ಪ್ರತಿ ಸಲವೂ ಎಲ್ಲ ಆ್ಯಪ್‌ಗಳನ್ನು ಮೇಲಕ್ಕೆ ತಳ್ಳಿ ಮುಚ್ಚುತ್ತಿರುವುದಾಗಿಯೂ, ಬರುವ ಭಾನುವಾರ ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡುವುದಾಗಿಯೂ ಹೇಳಿದ್ದೀರಿ. ದಯವಿಟ್ಟು ಭಾನುವಾರದ ಆ ಕೆಲಸವನ್ನು ಕೈಬಿಡಿ. ಇವೇ ಎರಡು ತಪ್ಪುಗಳನ್ನು ಇದೇ ಕ್ರಮದಲ್ಲಿ ನಾನು ಮಾಡಿ ಕಳೆದುಕೊಂಡದ್ದು ಇವತ್ತಿಗೂ ಮರಳಿ ಬಂದಿಲ್ಲ.

ಆಗ ನನ್ನ ಬಳಿ ಇದ್ದದ್ದು 2 ಜಿಬಿ ರ‍್ಯಾಮ್‌ನ ಟ್ಯಾಬ್ಲೆಟ್. ನಮ್ಮ ತಾತನವರು ಕೈಯಲ್ಲಿ ಬರೆದಿಟ್ಟಿದ್ದ ಯಕ್ಷಗಾನ ಪ್ರಸಂಗದ ಪುಸ್ತಕವನ್ನು ಪುಟ ಪುಟವಾಗಿ ಫೋಟೊ ತೆಗೆದುಕೊಂಡು, ಒಂದು ಆ್ಯಪ್‌ನಲ್ಲಿ ಫೋಟೊ ನೋಡುತ್ತ ಇನ್ನೊಂದು ಆ್ಯಪ್‌ನಲ್ಲಿ ಪದ್ಯಗಳನ್ನು ಟೈಪ್ ಮಾಡುತ್ತಿದ್ದೆ. ಒಂದು ಅಪ್‌ಡೇಟ್ ಹಾಕಿದ ಮಾರನೆಯ ದಿನದಿಂದ ಈ ಕಡೆ ಬಂದರೆ ಆ ಕಡೆಯದು ಬಿಳಿ ಪರದೆಯಾಗಿ ಮತ್ತೆ ತೆರೆದುಕೊಳ್ಳತೊಡಗಿತು. ಮೊದಲು ಎರಡು ವಾರ ಆ್ಯಪ್‌ಗಳನ್ನು ತಳ್ಳಿ ತಳ್ಳಿ ಮುಚ್ಚಿದೆ, ಅದರಿಂದ ಏನೂ ಆಗದಿದ್ದಾಗ ಪೂರ್ತಿ ಅಳಿಸಿದೆ. ಟಿಪ್ಪಣಿಗಳು ಟ್ಯಾಬ್ಲೆಟ್‌ನ ಒಳಗೇ ಉಳಿಯುತ್ತಿದ್ದವೆಂದೂ ಅವುಗಳ ಬ್ಯಾಕಪ್ ಎಲ್ಲಿಯೂ ಹೋಗುತ್ತಿರಲಿಲ್ಲವೆಂದೂ ನಾನು ನೋಡಿಕೊಂಡಿರಲಿಲ್ಲ. ಐದು ತಿಂಗಳಲ್ಲಿ ಟೈಪ್ ಮಾಡಿದ್ದ 82 ಪುಟ ಹೋಯಿತು. ಅಂದು ರಾತ್ರಿ ಹನ್ನೊಂದರ ಹೊತ್ತಿಗೆ ಎಲ್ಲ ಹೊಸದಾಗಿ ಜೋಡಿಸಿಕೊಂಡು, ಮೊದಲ ಫೋಟೊ ತೆರೆದು, ಟಿಪ್ಪಣಿಗೆ ಹೋಗಿ ಮರಳಿ ಬಂದರೆ ಅದೇ ಬಿಳಿ ಪರದೆ. ಅಳಿಸಿದ್ದರಿಂದ ಬದಲಾಗುವಂಥದ್ದು ಏನೂ ಇರಲಿಲ್ಲ, ಏಕೆಂದರೆ ತೊಂದರೆ ಇದ್ದದ್ದು ಮೆಮೊರಿಯ (ತೆರೆದಿರುವ ಆ್ಯಪ್‌ಗಳನ್ನು ಹಿಡಿದಿಡುವ ರ‍್ಯಾಮ್‌ನ) ಲೆಕ್ಕದಲ್ಲಿ, ಫೈಲುಗಳಲ್ಲಿ ಅಲ್ಲ.

ಮೇಲಕ್ಕೆ ತಳ್ಳುವ ಅಭ್ಯಾಸದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಅದನ್ನೇ ಪರಿಹಾರವೆಂದು ಸೂಚಿಸುತ್ತಿರುತ್ತಾರೆ. ಹಿನ್ನೆಲೆಗೆ ಹೋದ ಆ್ಯಪ್ ಸ್ವಲ್ಪ ಹೊತ್ತಿನಲ್ಲೇ ತಟಸ್ಥವಾಗುತ್ತದೆ. ಮೆಮೊರಿಯಲ್ಲಿ ಜಾಗ ಹಿಡಿದಿರುತ್ತದೆಯೇ ಹೊರತು ಪ್ರೊಸೆಸರ್ ಬಳಸುವುದಿಲ್ಲ. ಜಾಗ ಸಾಲದಾದಾಗ ವ್ಯವಸ್ಥೆ (ಅಂದರೆ ಐಪ್ಯಾಡ್‌ಓಎಸ್) ಮೊದಲು ಆ ಮಾಹಿತಿಯನ್ನು ಸಂಕುಚಿಸಿ ಇಡುತ್ತದೆ, ಫೈಲಿನಿಂದ ಮತ್ತೆ ಓದಿಕೊಳ್ಳಬಹುದಾದ ಭಾಗವನ್ನು ಬಿಟ್ಟುಕೊಡುತ್ತದೆ, ಅದೂ ಸಾಲದಿದ್ದರೆ ಮಾತ್ರ ಕಡಿಮೆ ಆದ್ಯತೆಯ ಆ್ಯಪ್‌ನಿಂದ ಶುರುಮಾಡಿ ಒಂದೊಂದನ್ನೇ ಕೊನೆಗೊಳಿಸುತ್ತದೆ. ಈ ಕೆಲಸ ಮಾಡುವ ಭಾಗದ ಹೆಸರು ಜೆಟ್‌ಸ್ಯಾಮ್. ನೀವು ತಳ್ಳಿ ಮುಚ್ಚಿದಾಗ ಜೆಟ್‌ಸ್ಯಾಮ್ ಅಗತ್ಯ ಬಿದ್ದಾಗ ಮಾತ್ರ ಮಾಡುವ ಕೆಲಸವನ್ನು ಅಗತ್ಯವಿಲ್ಲದಾಗಲೂ ನಿಮ್ಮ ಕೈಯಿಂದಲೇ ಮಾಡುತ್ತೀರಿ, ಆಮೇಲೆ ಅದೇ ಆ್ಯಪ್ ಮೊದಲಿನಿಂದ ಲೋಡ್ ಆಯಿತೆಂದು ಬೇಸರಪಡುತ್ತೀರಿ. ಆ್ಯಪ್ ಸ್ಪಂದಿಸದೆ ನಿಂತುಬಿಟ್ಟಾಗ ಮಾತ್ರ ಹಾಗೆ ಮುಚ್ಚಬೇಕೆಂದು ಆ್ಯಪಲ್ ಸಂಸ್ಥೆಯೂ ಹೇಳುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ನಿಮ್ಮ ಐಪ್ಯಾಡ್‌ನಲ್ಲಿರುವುದು 3 ಜಿಬಿ ರ‍್ಯಾಮ್. ಅದರಲ್ಲಿ ವ್ಯವಸ್ಥೆಯ ಪಾಲು ಕಳೆದು ಉಳಿದದ್ದು ಆ್ಯಪ್‌ಗಳಿಗೆ. ಹೊಸ ಆವೃತ್ತಿಯಲ್ಲಿ ಕಿಟಕಿಗಳ ವ್ಯವಸ್ಥೆ, ಮೆನು ಪಟ್ಟಿ, ಗಾಜಿನಂತೆ ಕಾಣುವ ವಿನ್ಯಾಸ ಎಲ್ಲವೂ ಸೇರಿ ವ್ಯವಸ್ಥೆಯ ಪಾಲನ್ನು ಹಿಗ್ಗಿಸುತ್ತವೆ, ಆದರೆ ರ‍್ಯಾಮ್ ಹಿಗ್ಗುವುದಿಲ್ಲ. ನಿಮ್ಮ ಪರದೆ 2160 ಗುಣಿಸು 1620 ಬಿಂದುಗಳದ್ದು. ಒಂದು ಬಿಂದುವಿಗೆ 4 ಬೈಟ್‌ನಂತೆ ಒಂದು ಪೂರ್ಣ ಪರದೆಯ ಚಿತ್ರಕ್ಕೇ ಸುಮಾರು 14 ಎಂಬಿ ಬೇಕು. ಎ4 ಅಳತೆಯ ಪುಟವನ್ನು 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಬಿಂದುಗಳಂತೆ) ಸ್ಕ್ಯಾನ್ ಮಾಡಿದ್ದರೆ ಅದು 2480 ಗುಣಿಸು 3508 ಬಿಂದುಗಳು, ಎಂದರೆ ಫೈಲಿನಲ್ಲಿ ಆ ಪುಟ ಅರ್ಧ ಎಂಬಿ ಇದ್ದರೂ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಸುಮಾರು 35 ಎಂಬಿ. ಓದುವ ಆ್ಯಪ್ ಹಿಂದಿನ ಎರಡು, ಮುಂದಿನ ಎರಡು ಪುಟಗಳನ್ನೂ ಸಿದ್ಧವಾಗಿಟ್ಟುಕೊಂಡರೆ 175 ಎಂಬಿ ಅಲ್ಲಿಯೇ ಹೋಯಿತು. ಅಪ್‌ಡೇಟ್‌ಗೆ ಮೊದಲು ಈ ಹೊರೆ ಹೇಗೋ ಹಿಡಿಸುತ್ತಿತ್ತು, ಈಗ ಅಂಚು ದಾಟಿದೆ. ಐಪ್ಯಾಡ್ ಕೆಟ್ಟಿಲ್ಲ.

ಇಷ್ಟನ್ನೂ ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ, ನಿಮ್ಮ ಐಪ್ಯಾಡ್ ಅದನ್ನು ಲಾಗ್ ಎಂಬ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ನಾನು ಈಗ ಯಾವ ಟ್ಯಾಬ್ಲೆಟ್ ಹೀಗೆ ಮಾಡಿದರೂ ಮೊದಲು ಮಾಡುವ ಕೆಲಸ ಇದೊಂದೇ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರ ಕೊನೆಯಲ್ಲಿ ಅನಲಿಟಿಕ್ಸ್ ಆ್ಯಂಡ್ ಇಂಪ್ರೂವ್‌ಮೆಂಟ್ಸ್, ಅದರೊಳಗೆ ಅನಲಿಟಿಕ್ಸ್ ಡೇಟಾ ತೆರೆಯಿರಿ. ಉದ್ದನೆಯ ಪಟ್ಟಿಯಲ್ಲಿ ಜೆಟ್‌ಸ್ಯಾಮ್‌ಈವೆಂಟ್ ಎಂದು ಶುರುವಾಗಿ ದಿನಾಂಕ ಇರುವ ಸಾಲುಗಳನ್ನು ಹುಡುಕಿ, ಪುಟ ಮರಳಿ ಲೋಡ್ ಆದ ಹೊತ್ತಿಗೆ ಹತ್ತಿರವಿರುವ ಒಂದನ್ನು ಒತ್ತಿ. ನೋಡಿದರೆ ಗಾಬರಿಯಾಗುವಷ್ಟು ಅಕ್ಷರಗಳಿರುತ್ತವೆ, ನಿಮಗೆ ಬೇಕಾದದ್ದು ಮೂರೇ ಸಂಗತಿ. ಲಾರ್ಜೆಸ್ಟ್‌ಪ್ರಾಸೆಸ್ ಎಂಬುದರ ಮುಂದೆ ಆ ಕ್ಷಣದಲ್ಲಿ ಅತಿ ಹೆಚ್ಚು ಮೆಮೊರಿ ಹಿಡಿದಿದ್ದವರ ಹೆಸರಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ಪ್ರತಿ ಆ್ಯಪ್‌ಗೂ ಆರ್‌ಪೇಜಸ್ ಎಂಬ ಸಂಖ್ಯೆ ಇರುತ್ತದೆ, ಅದು ಆ ಆ್ಯಪ್ ಹಿಡಿದಿದ್ದ ಮೆಮೊರಿಯ ತುಣುಕುಗಳ ಎಣಿಕೆ. ಒಂದು ತುಣುಕಿನ ಅಳತೆ ಹೇಳುವ ಪೇಜ್‌ಸೈಜ್ 16384 (ಬೈಟ್) ಎಂದಿದ್ದರೆ ಆ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಕೆಬಿ ಸಿಗುತ್ತದೆ. ಉದಾಹರಣೆಗೆ 61440 ಎಂದಿದ್ದರೆ ಆ ಆ್ಯಪ್ 960 ಎಂಬಿ ಹಿಡಿದಿತ್ತೆಂದು ಅರ್ಥ. ಮೂರನೆಯದು, ಕೊನೆಗೊಂಡ ಆ್ಯಪ್‌ನ ಜೊತೆಗೆ ಮಾತ್ರ ಬರೆದಿರುವ ರೀಸನ್.

ಆ ಕಾರಣವೇ ಇಲ್ಲಿ ಮುಖ್ಯ. ಪರ್-ಪ್ರಾಸೆಸ್-ಲಿಮಿಟ್ ಎಂದಿದ್ದರೆ ಆ ಆ್ಯಪ್ ತನಗೆ ಕೊಟ್ಟ ಮಿತಿಯನ್ನು ತಾನೇ ಮೀರಿತು ಎಂದರ್ಥ. ಅಂಥದ್ದು ಮತ್ತೆ ಮತ್ತೆ ಕಂಡರೆ ತಪ್ಪು ಆ್ಯಪ್‌ನದ್ದು, ಅದರ ಹೊಸ ಆವೃತ್ತಿಗೆ ಕಾಯಬೇಕು ಅಥವಾ ಬೇರೆ ಆ್ಯಪ್ ಹಿಡಿಯಬೇಕು. ವಿಎಂ-ಪೇಜ್‌ಶಾರ್ಟೇಜ್ ಎಂದಿದ್ದರೆ ಇಡೀ ಸಾಧನದಲ್ಲೇ ಜಾಗ ಸಾಲದೆ ಹೋಗಿತ್ತು, ಸತ್ತ ಆ್ಯಪ್ ಬರೀ ಬಲಿಪಶು, ಮೆಮೊರಿ ತಿಂದವರು ಬೇರೆ. ವೆಬ್‌ಕಂಟೆಂಟ್ ಎಂಬ ಹೆಸರು ಕಂಡರೆ ಅದು ಸಫಾರಿಯೋ ಇನ್ನಾವುದೋ ಆ್ಯಪ್ ತೆರೆದ ಜಾಲಪುಟ. ಪುಟಕ್ಕೆ ಬೇರೆಯದೇ ಪ್ರಾಸೆಸ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್) ಇರುವುದರಿಂದ ಸಫಾರಿ ಬದುಕಿದ್ದು ಪುಟ ಮಾತ್ರ ಸಾಯಬಹುದು, ನಿಮ್ಮ ಟ್ಯಾಬ್‌ಗಳಿಗೆ ಆಗುತ್ತಿರುವುದು ಬಹುಶಃ ಅದೇ. ಒಂದು ಎಚ್ಚರಿಕೆ: ಇಂಥ ಲಾಗ್‌ಗಳು ಎಲ್ಲ ಐಪ್ಯಾಡ್‌ಗಳಲ್ಲೂ ಇರುತ್ತವೆ, ಒಂದೆರಡು ಕಂಡ ಮಾತ್ರಕ್ಕೆ ರೋಗವೆಂದು ತಿಳಿಯಬೇಡಿ. ಮೂರು ದಿನದವುಗಳನ್ನು ಪಕ್ಕ ಪಕ್ಕ ಇಟ್ಟು ಒಂದೇ ಹೆಸರು ಮರಳಿ ಬರುತ್ತದೆಯೇ ನೋಡಿ. ನಾನು ಹೀಗೆ ನೋಡಿದಾಗ ಪ್ರತಿ ಲಾಗ್‌ನಲ್ಲೂ ಮೇಲೆ ನಿಂತಿದ್ದದ್ದು ನನ್ನ ಫೋಟೊ ಆ್ಯಪ್, ಏಕೆಂದರೆ ತಾತನವರ ಒಂದೊಂದು ಪುಟವನ್ನೂ ನಾನು 12 ಮೆಗಾಪಿಕ್ಸೆಲ್‌ನಲ್ಲಿ ತೆಗೆದಿದ್ದೆ, ಅಂದರೆ ಪುಟಕ್ಕೆ 48 ಎಂಬಿ. ಕಾರಣ ಹೀಗೆ ಕಣ್ಣೆದುರಿಗೇ ಬರೆದಿತ್ತು, ನಾನು ಓದಿದ್ದು ಎಲ್ಲ ಅಳಿಸಿದ ಮೇಲೆ.

ನಿಮ್ಮ ವಿಷಯದಲ್ಲಿ ದೊಡ್ಡ ಹೊರೆ ಸ್ಕ್ಯಾನ್ ಪುಸ್ತಕದ್ದೇ ಇರಬೇಕೆಂದು ನನ್ನ ಊಹೆ. ಪುಸ್ತಕವನ್ನು ಅಧ್ಯಾಯಗಳಾಗಿ ತುಂಡು ಮಾಡಿ ಎಂದು ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ, ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆ್ಯಪ್ ಬಿಚ್ಚುವುದು ಕಣ್ಣೆದುರಿನ ನಾಲ್ಕಾರು ಪುಟಗಳನ್ನು ಮಾತ್ರ, ಆದ್ದರಿಂದ ಒಟ್ಟು ಪುಟಗಳ ಸಂಖ್ಯೆಗಿಂತ ಒಂದು ಪುಟದ ಅಳತೆ ಮುಖ್ಯ. ಕಂಪ್ಯೂಟರ್‌ನಲ್ಲಿ ಆ ಪಿಡಿಎಫ್‌ನ ಒಂದು ಪ್ರತಿಯನ್ನು 200 ಡಿಪಿಐಗೆ ಇಳಿಸಿ. ಆಗ ಎ4 ಪುಟ 1654 ಗುಣಿಸು 2339 ಬಿಂದುಗಳಾಗುತ್ತದೆ, ಹೆಚ್ಚುಕಡಿಮೆ ನಿಮ್ಮ ಪರದೆಯಷ್ಟೇ, ಮೆಮೊರಿ 35ರಿಂದ 16 ಎಂಬಿಗಿಂತ ಕೆಳಗೆ ಬರುತ್ತದೆ. 150ಕ್ಕೆ ಇಳಿಸಿದರೆ 9 ಎಂಬಿಯೂ ಆಗುವುದಿಲ್ಲ, ಆದರೆ ಹಳೆಯ ಅಚ್ಚಿನ ಕನ್ನಡದಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಷ ಮತ್ತು ಪ ಬೇರೆ ಮಾಡುವುದೇ ಕಷ್ಟವಾದೀತು. ಮೂಲ ಪ್ರತಿಯನ್ನು ಮಾತ್ರ ಎಂದಿಗೂ ಅಳಿಸಬೇಡಿ.

ಆಮೇಲೆ ಸೆಟ್ಟಿಂಗ್ಸ್‌ನ ಮಲ್ಟಿಟಾಸ್ಕಿಂಗ್ ಆ್ಯಂಡ್ ಜೆಶ್ಚರ್ಸ್‌ನಲ್ಲಿ ಫುಲ್ ಸ್ಕ್ರೀನ್ ಆ್ಯಪ್ಸ್ ಆರಿಸಿಕೊಳ್ಳಿ. ಕಿಟಕಿಗಳ ವ್ಯವಸ್ಥೆ ನಿಮ್ಮ ಐಪ್ಯಾಡ್‌ನಲ್ಲೂ ನಡೆಯುತ್ತದೆ, ಆದರೆ 3 ಜಿಬಿಯಲ್ಲಿ ನಾಲ್ಕು ಕಿಟಕಿ ತೆರೆದಿಟ್ಟು ಯಾವುದೂ ಮರಳಿ ಲೋಡ್ ಆಗಬಾರದೆಂದರೆ ಅದು ಆಗದ ಮಾತು. ಸಫಾರಿಗೆ ಸಂಬಂಧಿಸಿ, 2019ರ ಐಪ್ಯಾಡ್‌ಓಎಸ್ 13ರಿಂದ ಅದು ಎಲ್ಲ ತಾಣಗಳ ಡೆಸ್ಕ್‌ಟಾಪ್ ರೂಪವನ್ನೇ ಕೇಳುತ್ತದೆ. ಸುದ್ದಿ ತಾಣಗಳಲ್ಲಿ ಅದು ತೀರ ಭಾರ. ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ ರಿಕ್ವೆಸ್ಟ್ ಡೆಸ್ಕ್‌ಟಾಪ್ ವೆಬ್‌ಸೈಟ್ ಆಫ್ ಮಾಡಿ ನೋಡಿ. ಕನ್ನಡ ಟೈಪ್ ಮಾಡುವಾಗ ಬೇರೆಯಾಗಿ ಹಾಕಿಕೊಂಡ ಕೀಲಿಮಣೆ ಆ್ಯಪ್ ಇದ್ದಕ್ಕಿದ್ದಂತೆ ಮಾಯವಾಗಿ ಇಂಗ್ಲಿಷ್ ಕೀಲಿಮಣೆ ಬರುತ್ತದೆಂದು ಬೇರೊಬ್ಬರು ಕೇಳಿದ್ದರಲ್ಲ, ಅದಕ್ಕೂ ಬಹುತೇಕ ಇದೇ ಕಾರಣ: ಕೀಲಿಮಣೆಯೂ ಒಂದು ಪ್ರತ್ಯೇಕ ಪ್ರಾಸೆಸ್, ಅದಕ್ಕೆ ಕೊಡುವ ಮೆಮೊರಿ ಬಹಳ ಕಡಿಮೆ. ಐಪ್ಯಾಡ್‌ನಲ್ಲೇ ಬರುವ ಕನ್ನಡ ಕೀಲಿಮಣೆಯನ್ನು ರೂಢಿಸಿಕೊಳ್ಳುವುದು ಮೇಲು.

ಅಪ್‌ಡೇಟ್‌ನಲ್ಲೇ ದೋಷ ಇರುವುದಿಲ್ಲವೆಂದು ನಾನು ಹೇಳುತ್ತಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಬಂದ ಐಪ್ಯಾಡ್‌ಓಎಸ್ 13.2 ಆವೃತ್ತಿ ಹಿನ್ನೆಲೆಯ ಆ್ಯಪ್‌ಗಳನ್ನು ವಿಪರೀತವಾಗಿ ಕೊಲ್ಲುತ್ತಿತ್ತು, ನವೆಂಬರ್ 7ರಂದು ಬಂದ 13.2.2ರಲ್ಲಿ ಅದು ಸರಿಹೋಯಿತು. ಅಂಥ ದೋಷವನ್ನು ಮುಂದಿನ ಅಪ್‌ಡೇಟ್ ಮಾತ್ರ ಸರಿಪಡಿಸಬಲ್ಲದು, ನಿಮ್ಮ ರೀಸೆಟ್ ಅಲ್ಲ. ದೊಡ್ಡ ಅಪ್‌ಡೇಟ್ ಆದ ಮೊದಲ ಕೆಲವು ದಿನ ಹುಡುಕಾಟದ ಸೂಚಿ, ಫೋಟೊಗಳ ವಿಶ್ಲೇಷಣೆ ಎಲ್ಲ ಹಿಂದೆ ನಡೆಯುತ್ತಿರುತ್ತವೆ. ಒಮ್ಮೆ ರೀಸ್ಟಾರ್ಟ್ ಮಾಡಿ, ಎರಡು ಮೂರು ರಾತ್ರಿ ಚಾರ್ಜ್‌ಗೆ ಹಾಕಿ ವೈಫೈನಲ್ಲಿ ಬಿಡಿ. ಹಳೆಯ ಆವೃತ್ತಿಗೆ ಮರಳುವ ಆಸೆ ಬೇಡ, ಆ್ಯಪಲ್ ಹಳೆಯದಕ್ಕೆ ಸಹಿ ಹಾಕುವುದನ್ನು (ಅಂದರೆ ಅನುಮತಿ ಕೊಡುವುದನ್ನು) ನಿಲ್ಲಿಸಿದ ಮೇಲೆ ಅದನ್ನು ಹಾಕಿಕೊಳ್ಳಲು ಬರುವುದಿಲ್ಲ. ರ‍್ಯಾಮ್ ಕ್ಲೀನರ್ ಆ್ಯಪ್ ಸೂಚಿಸಿದವರಿಗೆ ನನ್ನ ವಿನಂತಿ, ದಯವಿಟ್ಟು ಆ ಸಲಹೆಯನ್ನು ತೆಗೆದುಹಾಕಿ. ಐಪ್ಯಾಡ್‌ನಲ್ಲಿ ಒಂದು ಆ್ಯಪ್ ಇನ್ನೊಂದರ ಮೆಮೊರಿಯನ್ನು ಮುಟ್ಟಲಾರದು. ಆ್ಯಪಲ್ ಇಂಟೆಲಿಜೆನ್ಸ್ ಎಂಬ ಎಐ ಸೌಲಭ್ಯವನ್ನು ಆಫ್ ಮಾಡಿ ಎಂದವರಿಗೂ ಒಂದು ಮಾತು, ಒಂಬತ್ತನೆಯ ತಲೆಮಾರಿನಲ್ಲಿ ಅದು ಬರುವುದೇ ಇಲ್ಲ. 2022ರ ಐಪ್ಯಾಡ್‌ಓಎಸ್ 16ರಲ್ಲಿ ಬಂದ ಸ್ವಾಪ್ (ಸ್ಟೋರೇಜ್‌ನ ಜಾಗವನ್ನು ಮೆಮೊರಿಯಂತೆ ಬಳಸುವ) ಸೌಲಭ್ಯವೂ ಎಂ1 ಚಿಪ್‌ನಿಂದ ಮೇಲಿನವುಗಳಿಗೆ.

ಆಂಡ್ರಾಯ್ಡ್ ಟ್ಯಾಬ್ಲೆಟ್ ಇರುವವರಿಗೂ ಎರಡು ಮಾತು. ಅಪ್‌ಡೇಟ್ ಆದ ಮೇಲೆ ಡೆವಲಪರ್ ಆಪ್ಷನ್ಸ್‌ನಲ್ಲಿ ಡೋಂಟ್ ಕೀಪ್ ಆ್ಯಕ್ಟಿವಿಟೀಸ್ ಎಂಬುದು ಆನ್ ಆಗಿದೆಯೇ ಮೊದಲು ನೋಡಿ. ಯಾರದೋ ವಿಡಿಯೊ ನೋಡಿ ವೇಗ ಹೆಚ್ಚುತ್ತದೆಂದು ಅದನ್ನು ಒತ್ತಿಕೊಂಡವರು ಇದ್ದಾರೆ, ಅದು ಆನ್ ಇದ್ದರೆ ನೀವು ಹೊರಬಂದ ಕೂಡಲೇ ಪ್ರತಿ ಪರದೆಯೂ ನಾಶವಾಗುತ್ತದೆ. ಅಲ್ಲಿಯೇ ಇರುವ ಮೆಮೊರಿ ಪುಟದಲ್ಲಿ ಕಳೆದ ಕೆಲವು ಗಂಟೆಗಳಲ್ಲಿ ಯಾರು ಎಷ್ಟು ಬಳಸಿದರೆಂದು ಕಾಣುತ್ತದೆ. ಸ್ಯಾಮ್ಸಂಗ್‌ನ ರ‍್ಯಾಮ್ ಪ್ಲಸ್ ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜ್‌ನಿಂದ ತೆಗೆದ ಜಾಗ. ಅಗ್ಗದ ಮಾದರಿಗಳ ನಿಧಾನಗತಿಯ ಸ್ಟೋರೇಜ್‌ನಲ್ಲಿ ಅದರ ಮೇಲೆ ನಾನು ಹೆಚ್ಚು ಭರವಸೆ ಇಡುವುದಿಲ್ಲ, ಇಟ್ಟೂ ತೆಗೆದೂ ಒಂದೊಂದು ವಾರ ನೋಡಿ. ಕೊಳ್ಳುವವರು ಟ್ಯಾಬ್ ಎ9 ಪ್ಲಸ್‌ನಂಥ ಮಾದರಿಗಳಲ್ಲಿ 4 ಜಿಬಿ ಬಿಟ್ಟು 8 ಜಿಬಿಯದನ್ನೇ ತೆಗೆದುಕೊಳ್ಳಿ. ಐಪ್ಯಾಡ್‌ನಲ್ಲಿ ಹತ್ತನೆಯ ತಲೆಮಾರಿಗೆ 4 ಜಿಬಿ, 2025ರ ಎ16 ಮಾದರಿಗೆ 6 ಜಿಬಿ, ಎಂ1 ಏರ್‌ಗೆ 8 ಜಿಬಿ. ಸಾಮಾನ್ಯ ಐಪ್ಯಾಡ್‌ನ ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದಿಲ್ಲ, ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ತಿಳಿದುಕೊಂಡಿರಿ. ನಿಮ್ಮ ಕೆಲಸಕ್ಕೆ 200 ಡಿಪಿಐ ಪುಸ್ತಕವೂ ಪೂರ್ಣ ಪರದೆಯೂ ಸಾಕಾದರೆ ಹೊಸದು ಕೊಳ್ಳುವ ಅಗತ್ಯವೇ ಇಲ್ಲ.

ಮೂರು ದಿನದ ಲಾಗ್‌ಗಳಲ್ಲಿ ಲಾರ್ಜೆಸ್ಟ್‌ಪ್ರಾಸೆಸ್ ಸಾಲು ಮತ್ತು ರೀಸನ್ ಸಾಲನ್ನು ಮಾತ್ರ ಇಲ್ಲಿ ಹಾಕಿ, ಕೂತು ನೋಡಿ ಹೇಳುತ್ತೇನೆ. ಪೂರ್ತಿ ಲಾಗ್ ಹಾಕಬೇಡಿ, ನೀವು ಬಳಸುವ ಬ್ಯಾಂಕ್ ಆ್ಯಪ್‌ಗಳ ಹೆಸರೂ ಅದರಲ್ಲಿ ಇರುತ್ತದೆ. ಅದಕ್ಕೂ ಮೊದಲು, ಇವತ್ತು ರಾತ್ರಿಯೇ, ಟಿಪ್ಪಣಿ ಆ್ಯಪ್ ತೆರೆದು ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ, ಆ ಫೈಲನ್ನು ಬೇರೊಂದು ಸಾಧನದಲ್ಲಿ ತೆರೆದು ಕೊನೆಯ ಪುಟದವರೆಗೆ ಬಂದಿದೆಯೇ ಎಂದು ನಿಮ್ಮ ಕಣ್ಣಿನಿಂದ ನೋಡಿ.