ಓದುಗರ ಪ್ರಶ್ನೆ: ಅರಸರು ಕೊಟ್ಟ ಮತ, ಜನರು ಬಳಸಿದ ಮತ

ಪ್ರಶ್ನೆ: ಭೂತಾನದಲ್ಲಿ ಪ್ರಜೆಗಳು ಕೇಳದಿದ್ದರೂ ಅರಸರೇ ಮುಂದಾಗಿ ಸಂಸದೀಯ ಚುನಾವಣೆ ನಡೆಸಿದರಂತೆ. 2008ರ ಆ ಮೊದಲ ಚುನಾವಣೆಯಲ್ಲಿ 47 ಸ್ಥಾನಗಳ ಪೈಕಿ 45 ಒಂದೇ ಪಕ್ಷದ ಪಾಲಾದವು. ಇದನ್ನು ಪ್ರಜಾಪ್ರಭುತ್ವ ಎನ್ನಬಹುದೇ?

ಉತ್ತರ: ಎನ್ನಬಹುದು. ಆದರೆ ಅದಕ್ಕೆ ಆಧಾರ 2008ರ ಚುನಾವಣೆಯಲ್ಲ, 2013ರದು. ಮೊದಲ ಬಾರಿ ಮತ ಹಾಕಿದ ಜನ ಯಾರನ್ನು ಆರಿಸಿದರು ಎಂಬುದಕ್ಕಿಂತ, ಹಾಗೆ ಆರಿಸಿದವರನ್ನು ಐದು ವರ್ಷಗಳ ನಂತರ ಶಾಂತಿಯಿಂದ ಕೆಳಗಿಳಿಸಲು ಅವರಿಗೆ ಸಾಧ್ಯವಾಯಿತೇ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ.

ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 2005ರ ಡಿಸೆಂಬರ್‌ನಲ್ಲಿ ಚುನಾವಣೆಯನ್ನು ಘೋಷಿಸಿದಾಗ ಅನೇಕರಲ್ಲಿ ಉಂಟಾದದ್ದು ಸಂತೋಷವಲ್ಲ, ಅಳುಕು. ಜನರಿಗೆ ರೂಢಿಯಾಗಲೆಂದು 2007ರಲ್ಲಿ ಅಣಕು ಚುನಾವಣೆ ನಡೆಯಿತು. ನೀಲಿ, ಹಸಿರು, ಕೆಂಪು, ಹಳದಿ ಎಂಬ ನಾಲ್ಕು ಕಾಲ್ಪನಿಕ ಪಕ್ಷಗಳನ್ನು ಹುಟ್ಟುಹಾಕಿ, ಶಾಲಾ ವಿದ್ಯಾರ್ಥಿಗಳನ್ನೇ ಅಭ್ಯರ್ಥಿಗಳಾಗಿ ನಿಲ್ಲಿಸಲಾಯಿತು. ಪರಂಪರೆಯ ರಕ್ಷಣೆಯ ಭರವಸೆ ನೀಡಿದ್ದ ಹಳದಿ ಪಕ್ಷ 47ರಲ್ಲಿ 46 ಕ್ಷೇತ್ರಗಳನ್ನು ಗೆದ್ದಿತು. ಹಳದಿ ಅರಸರ ಬಣ್ಣ. ಜನರ ಒಲವು ಎತ್ತ ಇತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

2008ರ ಮಾರ್ಚ್ 24ರ ನಿಜವಾದ ಚುನಾವಣೆಯಲ್ಲಿ ಜಿಗ್ಮಿ ಥಿನ್ಲೆ ಅವರ ದ್ರುಕ್ ಫುಯೆನ್ಸುಮ್ ತ್ಶೋಗ್ಪಾ ಪಕ್ಷ ಸುಮಾರು ಮೂರನೇ ಎರಡರಷ್ಟು ಮತಗಳಿಗೆ 45 ಸ್ಥಾನ ಪಡೆದರೆ, ಉಳಿದ ಮೂರನೇ ಒಂದರಷ್ಟು ಮತ ಗಳಿಸಿದ ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿಗೆ ದಕ್ಕಿದ್ದು ಎರಡೇ. ಕ್ಷೇತ್ರದಲ್ಲಿ ಒಂದು ಮತ ಹೆಚ್ಚು ಬಂದವರೂ ಗೆಲ್ಲುವ ಪದ್ಧತಿಯಲ್ಲಿ ಹೀಗಾಗುವುದುಂಟು. ಭಿನ್ನಮತವಿರಲಿಲ್ಲ ಎನ್ನಲಾಗದು, ಅದಕ್ಕೆ ಸದನದಲ್ಲಿ ಜಾಗ ಸಿಗಲಿಲ್ಲ, ಅಷ್ಟೆ. ಅರಸರ ಹತ್ತಿರದ ಸಂಬಂಧಿಯಾಗಿದ್ದ ಸಂಗೆ ಎನ್ಗೆದುಪ್, ಈ ಸೋತ ಪಕ್ಷದ ನಾಯಕರಾಗಿದ್ದೂ ಸ್ವಂತ ಕ್ಷೇತ್ರದಲ್ಲೇ ಸೋತರು ಎಂಬುದನ್ನು ಗಮನಿಸಿ. ಅರಮನೆಯ ನಂಟು ಮತವಾಗಿ ಬದಲಾಗಲಿಲ್ಲ.

2013ರಲ್ಲಿ ಅದೇ ಸೋತ ಪಕ್ಷ ತ್ಶೆರಿಂಗ್ ತೊಬ್ಗೆ ಅವರ ನಾಯಕತ್ವದಲ್ಲಿ 32 ಸ್ಥಾನ ಗೆದ್ದು ಅಧಿಕಾರ ಹಿಡಿಯಿತು. ಭಾರತವು ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಸಬ್ಸಿಡಿಯನ್ನು ನಿಲ್ಲಿಸಿದ್ದು ಮತದಾನಕ್ಕೆ ಕೆಲವೇ ದಿನ ಮೊದಲು. ನೆರೆಯ ದೊಡ್ಡ ದೇಶವೊಂದರ ಈ ನಡೆ ಸರಿಯಲ್ಲವೆಂದೇ ನಾನು ಭಾವಿಸುತ್ತೇನೆ. ಆದರೂ ಅಧಿಕಾರ ಶಾಂತಿಯಿಂದ ಕೈಬದಲಾಯಿತು. 2018ರಲ್ಲೂ 2023ರಲ್ಲೂ ಆಳುವ ಪಕ್ಷಗಳು ಪ್ರಾಥಮಿಕ ಸುತ್ತನ್ನೇ ದಾಟಲಿಲ್ಲ. ಅಲ್ಲಿ ಮೊದಲ ಸುತ್ತಿನಲ್ಲಿ ಮುಂದಿರುವ ಎರಡು ಪಕ್ಷಗಳು ಮಾತ್ರ ಅಂತಿಮ ಸುತ್ತಿಗೆ ಬರುತ್ತವೆ.

ಪ್ರಶ್ನೆ: ಭಿಕ್ಷುಗಳಿಗೆ ಮತದಾನವಿಲ್ಲ, ಪದವಿ ಇಲ್ಲದವರು ಸ್ಪರ್ಧಿಸುವಂತಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಧರ್ಮವು ರಾಜಕೀಯಕ್ಕಿಂತ ಮೇಲಿರಬೇಕೆಂಬ ಕಾರಣಕ್ಕೆ ಧಾರ್ಮಿಕ ವ್ಯಕ್ತಿಗಳನ್ನು ಹೊರಗಿಡಲಾಗಿದೆ. ಪದವಿಯ ಷರತ್ತು ನನಗೆ ಅನ್ಯಾಯವೆನಿಸುತ್ತದೆ: ಒಂದು ತಲೆಮಾರಿನ ರೈತರಿಗೆ ಶಾಲೆಯೇ ಇರಲಿಲ್ಲ, ಅವರು ಆರಿಸಬಹುದು, ಆರಿಸಿಬರಲಾರರು.

ಇದಕ್ಕಿಂತ ದೊಡ್ಡ ಹೊರಗುಳಿಕೆ ದಕ್ಷಿಣದ ನೇಪಾಳಿ ಭಾಷಿಕ ಲ್ಹೊತ್ಸಂಪರದು. ಪ್ರಜೆಗಳು ಕೇಳಿರಲಿಲ್ಲ ಎಂಬ ಮಾತನ್ನು ಪೂರ್ತಿ ಒಪ್ಪಲಾಗದಿರುವುದೂ ಇದೇ ಕಾರಣಕ್ಕೆ. 1958ರಲ್ಲಿ ದೇಶದಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೇಳಿದ 1985ರ ಪೌರತ್ವ ಕಾಯ್ದೆಯ ನಂತರ, 1990ರಲ್ಲಿ ಅಲ್ಲಿ ಹಕ್ಕುಗಳಿಗಾಗಿ ಪ್ರತಿಭಟನೆಗಳು ನಡೆದವು. ಬಳಿಕ ಸುಮಾರು ಒಂದು ಲಕ್ಷ ಜನ ಪೂರ್ವ ನೇಪಾಳದ ಶಿಬಿರಗಳನ್ನು ಸೇರಿದರು. 2008ರ ಮತದಾನದ ದಿನವೂ ಅವರು ಅಲ್ಲೇ ಇದ್ದರು. ಆನಂತರ ಹೆಚ್ಚಿನವರಿಗೆ ಅಮೆರಿಕ ಮತ್ತಿತರ ದೇಶಗಳು ಆಶ್ರಯ ನೀಡಿದವು. ಶಿಬಿರಗಳಲ್ಲೇ ಉಳಿದು ಊರಿಗೆ ಮರಳಲು ಕಾದಿರುವವರ ಪೌರತ್ವದ ಪ್ರಶ್ನೆಯನ್ನು ಥಿಂಪುವಿನ ಚುನಾಯಿತ ಸಂಸತ್ತು ಕೈಗೆತ್ತಿಕೊಳ್ಳಲೇಬೇಕು.