ಅರಿಶಿನ ಶಾಸ್ತ್ರಕ್ಕೆ ಬೇರೆ ಕಾರ್ಡ್ ಬೇಕಾ?

ಮಗಳ ಅರಿಶಿನ ಶಾಸ್ತ್ರಕ್ಕೆ ಪ್ರತ್ಯೇಕ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ, ಸುಮ್ನೆ ಖರ್ಚು. ಇದು ಮೊದಲಿಂದಲೂ ಮನೆಮಂದಿಯ ಶಾಸ್ತ್ರ. ಹತ್ತಿರದ ಮುತ್ತೈದೆಯರನ್ನು ಮನೆಗೇ ಹೋಗಿ ಕುಂಕುಮ ಕೊಟ್ಟು ಕರೆಯಿರಿ. ದೂರದವರಿಗೆ ಫೋನ್ ಮಾಡಿ, ಆಮೇಲೆ ವಾಟ್ಸಾಪ್‌ನಲ್ಲಿ ಸಮಯ, ವಿಳಾಸ ಕಳಿಸಿದರೆ ಸಾಕು. ‘ಹಳೆ ಬಟ್ಟೆ ಹಾಕಿಕೊಂಡು ಬನ್ನಿ’ ಅಂತ ಮಾತ್ರ ಮರೆಯದೆ ಸೇರಿಸಿ. ಎಲ್ಲರೂ ಹಳದಿಯೇ ಉಡಬೇಕು ಅನ್ನುವುದು ಈಚಿನ ಫೋಟೊ ಹುಚ್ಚು, ಅಲ್ವಾ? ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ, ಗಾಬರಿಯಾಗಬೇಡಿ. ಒಗೆದು ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಇನ್ನೊಂದು, ಅರಿಶಿನ ಹಚ್ಚಿದ ಮೇಲೆ ಮದುಮಗಳನ್ನು ಹೊರಗೆ ಕಳಿಸದ ಮನೆಗಳು ಜಾಸ್ತಿ. ಪಾರ್ಲರ್ ಕೆಲಸ ಮೊದಲೇ ಮುಗಿಸಿಬಿಡಿ.