ಊಟಕ್ಕೆ ಕರೆಯುವ ಮೊದಲಿನ ಮಾತು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಸಸ್ಯಾಹಾರಿ ಮನೆಯೊಂದರ ಗೃಹಿಣಿ, ಕನ್ನಡ ಮಾಧ್ಯಮ ಶಾಲೆಯಿಂದ ನಿವೃತ್ತರಾದ ಅಧ್ಯಾಪಿಕೆ, ರಾತ್ರಿ ನಿದ್ದೆ ಬರುತ್ತಿಲ್ಲ ಎಂಬ ದೂರಿನೊಂದಿಗೆ ನನ್ನಲ್ಲಿಗೆ ಬಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ.

ಟೀಚರ ಪಕ್ಕದ ಮನೆಗೆ ಕಣ್ಣೂರಿನ ಕಡೆಯ, ಮಲಯಾಳ ಮಾತಾಡುವ ಮುಸ್ಲಿಂ ಕುಟುಂಬವೊಂದು ಬಂದಿತ್ತು. ಯಜಮಾನ ಗಲ್ಫಿನಲ್ಲಿ, ಇಲ್ಲಿರುವವರು ಹೆಂಡತಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ಅತ್ತೆ. ಹೊಸದಾಗಿ ಬಂದ ನೆರೆಯವರನ್ನು ಒಂದು ಹೊತ್ತಿನ ಊಟಕ್ಕೆ ಕರೆಯುವುದು ಟೀಚರ ಮನೆಯಲ್ಲಿ ಹಿಂದಿನಿಂದ ನಡೆದುಬಂದ ಕ್ರಮವಾದರೂ ಈ ಸಲ ಮನೆಯೊಳಗೆ ಮೂರು ದಾರಿಯಾಯಿತು. ಟೀಚರ ಅತ್ತೆಯವರು, ಕರೆಯುವುದಾದರೆ ಕರೆ, ಅಡುಗೆಮನೆಗೂ ದೇವರ ಕೋಣೆಗೂ ಬರುವುದು ಬೇಡ ಎಂದರು. ಪತಿ, ನಿನಗೆ ಕಂಡಂತೆ ಮಾಡು ಎಂದು ತೋಟಕ್ಕೆ ಇಳಿದರು. ಮಂಗಳೂರಿನಲ್ಲಿರುವ ಮಗ, ನಿಮ್ಮ ಸಾರು ಪಲ್ಯ ಅವರಿಗೆ ರುಚಿಸುವುದಿಲ್ಲ, ಹೋಟೆಲಿನಿಂದ ಬಿರಿಯಾನಿ ತರಿಸಿ ಎಂದು ಫೋನಿನಲ್ಲಿ ಹೇಳಿದ. "ಅವರಿಗೆ ಎಂತ ಆಗ್ತದೆ, ಎಂತ ಆಗುವುದಿಲ್ಲ ಅಂತ ಗೊತ್ತಿಲ್ಲ. ತಪ್ಪಾದರೆ ಮತ್ತೆ ಮುಖ ನೋಡುವುದು ಹೇಗೆ?" ಎಂದು ಟೀಚರ್ ಕೇಳಿದರು.

ಇದನ್ನು ಕಾಯಿಲೆ ಎಂದು ಕರೆಯಲು ಕಾರಣವಿರಲಿಲ್ಲ. ಕೇಳಿದರೆ ಬಗೆಹರಿಯುವ ವಿಷಯವನ್ನು ಅವರು ಊಹಿಸಿಯೇ ಬಗೆಹರಿಸಬೇಕೆಂದು ಹೊರಟಿದ್ದರು. ಕೇಳಿದರೆ ಎದುರಿನವರಿಗೆ ನೋವಾದೀತು ಎಂಬ ಸಂಕೋಚ ಅವರದಾಗಿತ್ತು. ಅದಕ್ಕೆ ನಾನು, ನೀವು ಮದುವೆ ಮನೆಯೊಂದಕ್ಕೆ ಹೋದಾಗ ಸಸ್ಯಾಹಾರ ಬೇರೆ ಇದೆಯೇ ಎಂದು ವಿಚಾರಿಸುತ್ತೀರಲ್ಲವೇ, ಆಗ ಅಲ್ಲಿಯವರು ಬೇಸರಿಸುತ್ತಾರೆಯೇ ಎಂದು ಕೇಳಿದೆ. ಅವರು ನಕ್ಕರು. ಆದುದರಿಂದ ಮೊದಲ ಸಲಹೆ, ಗೇಟಿನ ಬಳಿ ನಿಂತು ಕಿರಿಯವಳೊಬ್ಬಳಿಗೇ ಹೇಳದೆ, ಒಳಗೆ ಹೋಗಿ ಆ ಮನೆಯ ಹಿರಿಯ ಉಮ್ಮನನ್ನು, ಎಂದರೆ ಅತ್ತೆಯನ್ನು, ಮುಂದಿಟ್ಟುಕೊಂಡು ಆಮಂತ್ರಿಸುವುದು ಮತ್ತು ಮೊದಲು ತನ್ನ ಮನೆಯ ಕ್ರಮವನ್ನು ಹೇಳುವುದು: "ನಾವು ಮೀನು ಮಾಂಸ ಮೊಟ್ಟೆ ತಿನ್ನುವವರಲ್ಲ, ನಮ್ಮಲ್ಲಿರುವುದು ತರಕಾರಿ ಊಟ, ನಿಮಗೆ ಆಗದ್ದು ಏನಾದರೂ ಇದ್ದರೆ ಹೇಳಿ." ಕರೆದವರು ತಮ್ಮ ಕಟ್ಟುಪಾಡನ್ನು ನಾಚದೆ ಹೇಳಿದಾಗ ಬರುವವರಿಗೂ ತಮ್ಮದನ್ನು ಹೇಳುವುದು ಹಗುರವಾಗುತ್ತದೆ. ಮುಂದೆ ಹಬ್ಬಕ್ಕೆ ಅವರು ಪ್ರೀತಿಯಿಂದ ಬಿರಿಯಾನಿ ಕೊಟ್ಟು ಕಳಿಸಿ, ಅದನ್ನು ಏನು ಮಾಡುವುದೆಂದು ತಿಳಿಯದೆ ಇವರು ಒದ್ದಾಡುವ ಸಂದರ್ಭವೂ ಇದರಿಂದ ತಪ್ಪುತ್ತದೆ.

ಮಗನ ಬಿರಿಯಾನಿಯನ್ನು ಕೈಬಿಡಲು ಹೇಳಿದೆ. ಮುಸ್ಲಿಮರೆಂದರೆ ಬಿರಿಯಾನಿಯೇ ಆಗಬೇಕೆಂಬ ಎಣಿಕೆಯಲ್ಲಿ ಸತ್ಕಾರಕ್ಕಿಂತ ಊಹೆಯೇ ಹೆಚ್ಚು. ತಾವು ತಿನ್ನದ ಪದಾರ್ಥವನ್ನು ತಂದು ಬಡಿಸಿ ತಾವು ದೂರ ಕುಳಿತರೆ ಅದು ಜೊತೆಯ ಊಟವೂ ಆಗುವುದಿಲ್ಲ. ಕುಚ್ಚಲಕ್ಕಿ ಅನ್ನ, ಗುಜ್ಜೆ ಪಲ್ಯ, ಮೇಲಾರ, ಮೆಣಸ್ಕಾಯಿ, ಹಪ್ಪಳ, ಪಾಯಸ, ಇವುಗಳಲ್ಲಿ ಇಸ್ಲಾಮಿನ ನಿಯಮಕ್ಕೆ ವಿರುದ್ಧವಾದದ್ದು ಏನೂ ಇಲ್ಲ; ಹಂದಿ, ಮದ್ಯ, ರಕ್ತ, ವಿಧಿವತ್ತಾಗಿ ಕೊಯ್ಯದ ಮಾಂಸ, ಇವು ಆ ಅಡುಗೆಮನೆಗೆ ಮೊದಲೇ ಬಂದಿಲ್ಲ. ಮಕ್ಕಳಿಗೆಂದು ಅಂಗಡಿಯ ಜೆಲ್ಲಿ ಹಾಕಿ ಫ್ರೂಟ್ ಸಲಾಡ್ ಮಾಡುವ ಯೋಚನೆ ಟೀಚರಿಗಿತ್ತು. ಕೆಲವು ಜೆಲ್ಲಿಗಳಲ್ಲಿ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ ಎಂದಾಗ ಅವರು ಅತಿಥಿಗಳಿಗಿಂತ ಹೆಚ್ಚಾಗಿ ತಮ್ಮ ವಿಷಯದಲ್ಲಿಯೇ ಗಾಬರಿಯಾದರು. ಪೊಟ್ಟಣದ ಹಸಿರು ಚುಕ್ಕೆ ನೋಡಿ ಕೊಂಡರೆ ಎರಡೂ ಮನೆಗೆ ಸರಿ. ಎಸೆನ್ಸುಗಳಲ್ಲಿ ಕೆಲವಕ್ಕೆ ಮದ್ಯಸಾರ ಬೆರೆತಿರುವುದರಿಂದ ಏಲಕ್ಕಿಯೇ ಸಾಕು.

ನಾಜೂಕಾದ ವಿಷಯವೆಂದರೆ ನೈವೇದ್ಯ. ದೇವರಿಗೆ ಅರ್ಪಿಸಿದ ಪದಾರ್ಥವನ್ನು ಮುಸ್ಲಿಮರಲ್ಲಿ ಅನೇಕರು ಸ್ವೀಕರಿಸುವುದಿಲ್ಲ. ಅದು ನಮ್ಮ ಮೇಲಿನ ಅಸಡ್ಡೆಯಿಂದಲ್ಲ, ಅವರ ನಂಬಿಕೆಯಿಂದ. ಆ ದಿನ ನೈವೇದ್ಯಕ್ಕೆ ಪ್ರತ್ಯೇಕವಾಗಿ ತೆಗೆದಿಟ್ಟು, ಅತಿಥಿಗಳ ಪಾಲನ್ನು ಅದರೊಂದಿಗೆ ಬೆರೆಸಬಾರದು, ಬೆರೆಸಿಲ್ಲವೆಂದು ಅವರು ಕೇಳಿದರೆ ಧೈರ್ಯವಾಗಿ ಹೇಳುವಂತಿರಬೇಕು. ಹೊರಡುವಾಗ ಹೆಂಗಸರಿಗೆ ಕೊಡುವ ಕುಂಕುಮದ ಬದಲು ಹೂ, ಹಣ್ಣು ಕೊಟ್ಟರಾಯಿತು.

ಹೊತ್ತಿನ ಬಗ್ಗೆಯೂ ಮಾತಾಯಿತು. ಅವರು ಶುಕ್ರವಾರದ ಮಧ್ಯಾಹ್ನ ಎಂದು ನಿಶ್ಚಯಿಸಿದ್ದರು. ಅದು ಜುಮಾ ನಮಾಜಿನ ಹೊತ್ತು. ದೊಡ್ಡ ಹುಡುಗ ಪಳ್ಳಿಗೆ (ಮಸೀದಿಗೆ) ಹೋಗುತ್ತಾನೆ. ಭಾನುವಾರ, ಮಧ್ಯಾಹ್ನದ ಲುಹರ್ ನಮಾಜು ಮುಗಿದ ಮೇಲೆ ಎಂದರೆ ಯಾರಿಗೂ ತೊಂದರೆಯಿಲ್ಲ. ರಂಜಾನ್ ಇನ್ನೂ ದೂರವಿದ್ದರೂ, ಹಿಂದಿನ ರಂಜಾನಿನಲ್ಲಿ ಮುಟ್ಟಿನ ದಿನಗಳಲ್ಲಿ ಬಿಟ್ಟ ಉಪವಾಸವನ್ನು ಹೆಂಗಸರು ಬೇರೆ ದಿನಗಳಲ್ಲಿ ಹಿಡಿದು ತೀರಿಸುತ್ತಾರೆ. ಆದುದರಿಂದ ಆ ದಿನ ಆಗದು ಎಂದರೆ ಕಾರಣ ಕೆದಕದೆ ಬೇರೆ ದಿನ ಕೇಳಬೇಕು. ಮನೆಯ ಗಂಡಸು ಊರಿನಲ್ಲಿಲ್ಲದ್ದರಿಂದ ಟೀಚರ ಪತಿ ಬಾಗಿಲಲ್ಲಿ ಮಾತಾಡಿಸಿ, ಊಟದ ಹೊತ್ತಿಗೆ ತೋಟದ ಕಡೆ ಹೋಗುವುದು ಒಳ್ಳೆಯದೆಂದೂ ಹೇಳಿದೆ. ಆ ಮಟ್ಟಿಗೆ ಅವರ ಸ್ವಭಾವವೇ ಅನುಕೂಲವಾಗಿತ್ತು. ನಾಯಿಯನ್ನು ಹಟ್ಟಿಯ ಹಿಂದೆ ಕಟ್ಟಿ ಹಾಕಬೇಕು, ಏಕೆಂದರೆ ಈ ಕಡೆಯ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿ ಎಂಬ ಧರ್ಮಶಾಸ್ತ್ರದ ಪದ್ಧತಿಯಲ್ಲಿ ನಾಯಿಯ ಜೊಲ್ಲು ತಾಗಿದ್ದನ್ನು ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ, ತೊಳೆಯಬೇಕೆಂಬ ಕಟ್ಟಳೆಯಿದೆ.

ಮೀನು ತಿನ್ನುವ ಮನೆಯವರು ಇದೇ ಪ್ರಶ್ನೆ ಕೇಳಿದರೆ ನಾನು ಇನ್ನೊಂದನ್ನು ಸೇರಿಸುತ್ತೇನೆ. ಶಾಫಿಗಳಿಗೆ ಸಿಗಡಿ, ಮರುವಾಯಿ (ಚಿಪ್ಪಿನ ಜೀವಿ) ಆಗುತ್ತದೆ. ಇದೇ ಜಿಲ್ಲೆಯ ಉಪ್ಪಳದಲ್ಲಿರುವ, ಉರ್ದು ಮಾತಾಡುವ, ಹನಫಿ ಎಂಬ ಇನ್ನೊಂದು ಪದ್ಧತಿಯವರಲ್ಲಿ ಏಡಿ, ಮರುವಾಯಿ ಆಗುವುದಿಲ್ಲ. ಒಂದು ಮನೆಯಲ್ಲಿ ಸಲ್ಲುವುದು ಇನ್ನೊಂದರಲ್ಲಿ ಸಲ್ಲದ ಕಾರಣ, ಕೇಳದೆ ಬೇರೆ ದಾರಿಯಿಲ್ಲ.

ಅತ್ತೆಯವರ ವಿಷಯದಲ್ಲಿ ಟೀಚರ್ ನನ್ನಿಂದ ಬಯಸಿದ್ದು ಅವರನ್ನು ಒಪ್ಪಿಸುವ ಉಪಾಯ. ನಾನು ಅದನ್ನು ಕೊಡಲಿಲ್ಲ. ಎಂಬತ್ತು ದಾಟಿದವರ ಮಡಿಯನ್ನು ಒಂದು ಊಟಕ್ಕಾಗಿ ಮುರಿಸಲು ಹೊರಟರೆ ಊಟದ ದಿನವೇ ಜಗಳವಾದೀತು. ಅವರಿಗೆ ಗೊತ್ತಾಗದಂತೆ ಮಾಡುವುದು ಅದಕ್ಕಿಂತಲೂ ಕೆಟ್ಟದ್ದು. ಚಾವಡಿಯಲ್ಲಿ ಬಾಳೆಲೆ ಹಾಕಿ, ಟೀಚರ್ ತಾವೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಬಾಳೆಲೆಯಾದರೆ ತಟ್ಟೆ ಬಟ್ಟಲಿನ ಪ್ರಶ್ನೆ ಎರಡು ಕಡೆಯವರಿಗೂ ಬರುವುದಿಲ್ಲ. ಆದರೆ ಅತಿಥಿಗಳಿಗೆ ಮಾತ್ರ ಚಾವಡಿ, ಮನೆಯವರಿಗೆ ಒಳಗೆ ಎಂದಾದರೆ ಅದು ಸ್ವಾಗತವಲ್ಲ, ಈ ಒಂದು ಷರತ್ತನ್ನು ಬಿಡಬಾರದು ಎಂದು ಖಂಡಿತವಾಗಿ ಹೇಳಿದೆ.

ಮುಂದಿನ ಭೇಟಿಯಲ್ಲಿ ಟೀಚರ್ ನಿದ್ದೆಯ ಮಾತೆತ್ತಲಿಲ್ಲ. ಊಟ ನಡೆದಿತ್ತು. ಮೆಣಸ್ಕಾಯಿ ಮಕ್ಕಳಿಗೆ ಹಿಡಿಸಲಿಲ್ಲವಂತೆ, ಪಾಯಸ ಮುಗಿದಿತ್ತಂತೆ. ಅತ್ತೆಯವರು ಪಂಕ್ತಿಗೆ ಬಾರದಿದ್ದರೂ ಊಟವಾದ ಮೇಲೆ ಚಾವಡಿಗೆ ಬಂದು ಕುಳಿತು ಉಮ್ಮನೊಂದಿಗೆ ಮೊಣಕಾಲು ನೋವಿನ ಎಣ್ಣೆಯ ಬಗ್ಗೆ ಅರ್ಧ ಮಲಯಾಳದಲ್ಲಿ ಬಹಳ ಹೊತ್ತು ಮಾತಾಡಿದ್ದರು. ಈಗ ಟೀಚರ ಪ್ರಶ್ನೆ ಬೇರೆ: ರಂಜಾನಿನಲ್ಲಿ ನೋಂಬುತುರಕ್ಕೆ, ಎಂದರೆ ಸಂಜೆ ಉಪವಾಸ ಬಿಡುವ ಹೊತ್ತಿಗೆ, ಬರಬೇಕೆಂದು ಆ ಮನೆಯವರು ಈಗಲೇ ಹೇಳಿಟ್ಟಿದ್ದಾರೆ, ಹೋಗಬಹುದೇ? ಹೋಗಿ, ಸಂಜೆಯ ಬಾಂಗಿಗೆ ಸ್ವಲ್ಪ ಮೊದಲೇ ತಲುಪಿ, ಅವರೊಂದಿಗೆ ಖರ್ಜೂರ ಮತ್ತು ಹಣ್ಣು ತೆಗೆದುಕೊಳ್ಳಿ, ಅವರು ನಮಾಜಿಗೆ ಎದ್ದಾಗ ಅಲ್ಲೇ ಕುಳಿತಿರಿ ಎಂದೆ. ಅತ್ತೆಯವರನ್ನು ಕರೆದೊಯ್ಯಬೇಕೇ ಎಂಬುದನ್ನು ಅತ್ತೆಯವರಲ್ಲಿಯೇ ಕೇಳಲು ಹೇಳಿದೆ.